ಎಳೆಯುವ ಕುದುರೆಗಳು

ಕರೇಲಿಯಾದ ಹಿಮ ಕೊಡವಿ ಒಳಬಂದ
ಮರ ಕಡಿಯುವ ತಾವೆತ್ತಿ,
ಶಾಲೆಯ ಪುಟ್ಟ ಬೆಂಚಿನಲ್ಲಿ ಕೂತು
ಮತ್ತೊಮ್ಮೆ ತೋಳು ಚಾಚಿದ.
ರಾತ್ರಿಯಿಂದ ಉಪವಾಸ; ಹೊಟ್ಟೆ
ಮುದಿ ನಾಯಿಯ ಹಾಗೆ ಗುರ್ ಅನ್ನುತ್ತಿತ್ತು.

ನರ್ಸ್ ಹಿಲ್ಕಾ ಹೋದ ಸಲದ ಚೀಟಿ ಬಿಡಿಸಿದಳು:
"ಇದು ಕೆಟ್ಟದ್ದು, ಜಾಸ್ತಿ. ಇದು ಒಳ್ಳೆಯದು,
ನಾಳದ ಕೊಬ್ಬು ಹೊತ್ತು ಹೊರಗೆ ಸಾಗಿಸುವಂಥದ್ದು.
ನಿನ್ನಲ್ಲಿ ತೀರಾ ಕಮ್ಮಿ."

"ದಿಮ್ಮಿ ಬೇಕಾದಷ್ಟು,
ಎಳೆಯುವ ಕುದುರೆ ಸಾಲದು ಅನ್ನು!"
ನಕ್ಕ. ಅವಳು ನಗಲಿಲ್ಲ.

ಅಣ್ಣ ಊರ್ಯೋ ನಲವತ್ತೆರಡಕ್ಕೆ,
ಗರಗಸ ಇನ್ನೂ ಅರ್ಧ ಮರದಲ್ಲಿರುವಾಗ.
ಅಪ್ಪ, ಸೌನಾದ ಮೆಟ್ಟಿಲ ಮೇಲೆ.
ಅವರ ಕುದುರೆಗಳನ್ನು ಯಾರೂ ಎಣಿಸಿರಲಿಲ್ಲ.

ಹತ್ತಿ ಒತ್ತಿಕೊಂಡು ಎದ್ದ. ಬಾಗಿಲಲ್ಲಿ ತಿರುಗಿ,
"ಬೆಣ್ಣೆ ಪೂರ್ತಿ ಬಿಡಬೇಕಾ?"
"ಮೊದಲು ಸಿಗರೇಟು."

ಜೇಬಿನ ಪ್ಯಾಕು ಮುಟ್ಟಿ ನೋಡಿಕೊಂಡ.
ಮನೆಗೆ ಹನ್ನೊಂದು ಕಿಲೋಮೀಟರು.
ಬಸ್ಸು ಎದುರಿಗೇ ನಿಂತಿತ್ತು;
ಬಗ್ಗಿ, ಸ್ಕೀ ಕಟ್ಟಿಕೊಂಡ.