ಎಂಟಕ್ಕೆ ಹತ್ತು

ದುರ್ಗಿಗುಡಿಯ ನನ್ನ ಲ್ಯಾಬಿನಲ್ಲಿ
ಯಂತ್ರಕ್ಕೆ ಎರಡು ಗುಂಡಿ.
ಒಂದು, ಕಾಗದ ತುಂಬುವ ಹಾಗೆ ಚಿತ್ರವನ್ನು ಹಿಗ್ಗಿಸುತ್ತದೆ,
ಇನ್ನೊಂದು, ಇಡೀ ಚಿತ್ರವನ್ನು ಕಾಗದದೊಳಗೆ ಕೂರಿಸುತ್ತದೆ.
ಬೆಳಿಗ್ಗೆ ಸ್ವಿಚ್ ಹಾಕಿದರೆ ಮೊದಲನೆಯದೇ ಹೊತ್ತಿಕೊಂಡಿರುತ್ತದೆ.
ಮುಕ್ಕಾಲು ಪಾಲು ಗಿರಾಕಿಗಳಿಗೆ ಅದೇ ಸಾಕು.
ಮದುವೆಯ ಗುಂಪಿನಲ್ಲಿ ತುದಿಗೆ ನಿಂತ
ದೂರದ ನೆಂಟನ ಅರ್ಧ ಮೀಸೆ ಹೋಯಿತೆಂದು
ಫೋಟೋ ವಾಪಸು ತಂದವರಿಲ್ಲ.

ಹಾಲೇಶಪ್ಪ ಬಂದದ್ದು ಭದ್ರಾವತಿ ಬಸ್ಸಿಳಿದು,
ಬಗಲಲ್ಲಿ ಒಂದು ಫ್ರೇಮು, ಗಾಜು ಸಮೇತ,
ಹಳೇ ಬನಿಯನ್ನಿನಲ್ಲಿ ಸುತ್ತಿದ್ದು.
ಜೇಬಿನಲ್ಲಿ ಬೀಡಿಯ ಜೊತೆ ಒಂದು ನೆಗೆಟಿವ್.
"ಇದಕ್ಕೆ ಸರಿಯಾಗಿ ಮಾಡ್ಕೊಡಮ್ಮ. ಎಂಟಕ್ಕೆ ಹತ್ತು.
ನೀನು ಅಳೆಯೋದು ಬ್ಯಾಡ, ನಾನು ಅಳದೀನಿ."

ಸ್ಕ್ಯಾನ್ ಮಾಡಿ ತೆರೆಯ ಮೇಲಿಟ್ಟೆ.
ಕಾಗದದ ಕಾರ್ಖಾನೆಯ ಗೇಟು, ಏಳು ಜನ, ಖಾಕಿ ಅಂಗಿ,
ಎಡ ತುದಿಯವನ ಕೈಯಲ್ಲಿ ಟಿಫನ್ ಕ್ಯಾರಿಯರ್.
ಎಂಟಕ್ಕೆ ಹನ್ನೆರಡಾದರೆ ಕೂದಲೆಳೆ ಹೋಗಲ್ಲ, ಅಂದೆ.
ಹತ್ತಕ್ಕೆ ತಂದರೆ ಆ ಕಡೆ ಒಂದಿಂಚು, ಈ ಕಡೆ ಒಂದಿಂಚು.
ಎಡಕ್ಕೆ ಸೈಕಲ್ಲಿನ ಚಕ್ರ, ಹೋಗಲಿ.
ಬಲಕ್ಕೆ ಬರೀ ಗೋಡೆ, ಯಾರೂ ಇಲ್ಲ.
ನಿಮ್ಮ ಪುಣ್ಯ, ಒಂದು ತಲೆಯೂ ಹೋಗಲ್ಲ.

ಆತ ಕನ್ನಡಕ ಹಾಕಿಕೊಂಡು
ಆ ಬರೀ ಗೋಡೆಯ ಮೇಲೆ ಬೆರಳಿಟ್ಟ.
"ಇಲ್ಲಿ ನಾನಿದೀನಿ."

ಇರಲಿಲ್ಲ. ಗೋಡೆಯ ಗಾರೆ ಇತ್ತು, ಒಂದು ನಲ್ಲಿ ಇತ್ತು.

"ಕ್ಯಾಮೆರಾ ನಂದು. ಸ್ಟೂಲ್ ಮೇಲಿಟ್ಟು
ಹತ್ತು ಸೆಕೆಂಡಿಗೆ ತಿರುವಿ ಓಡಿದೆ.
ಚಪ್ಪಲಿ ಕಿತ್ತು ಬಂತು.
ನಾನು ಬರೋಷ್ಟರಲ್ಲಿ ಅದು ಕ್ಲಿಕ್ ಅಂದಿತ್ತು.
ರೀಲಿನ ಕೊನೇದು, ಇನ್ನೊಂದು ಉಳಿದಿರಲಿಲ್ಲ."

ಆಮೇಲೆ ನೋಡಿದೆ:
ಬಲಗಡೆಯ ಕೊನೆಯವನ ತೋಳು
ಗಾಳಿಯಲ್ಲಿ ಎದ್ದು ನಿಂತಿದೆ,
ಅಲ್ಲಿಲ್ಲದ ಒಂದು ಹೆಗಲಿನ ಎತ್ತರಕ್ಕೆ.

ಹಾಗಾದರೆ ಎರಡೂ ಇಂಚು ಎಡಕ್ಕೇ ತೆಗೆಯಲೇ?
"ಟಿಫನ್ ಹಿಡ್ದಿರೋನು ಮೆಹಬೂಬ. ಸುಮ್ನೆ ಬಿಡ್ತಾನಾ?"
ಫ್ರೇಮು ಬದಲಾಯಿಸಿ, ನೂರೈವತ್ತಕ್ಕೆ ಸಿಗುತ್ತೆ.
"ಇದು ಪೊನ್ನುಸ್ವಾಮಿ ಮಾಡಿದ್ದು, ಪ್ಯಾಕಿಂಗ್ ಪೆಟ್ಟಿಗೆ ಹಲಗೇಲಿ.
ಅವನ ಹೆಂಡ್ತಿ ಮೊನ್ನೆ ಅಟ್ಟದಿಂದ ತೆಗೆದುಕೊಟ್ಲು."
ತೋಳು ಎತ್ತಿದವನು ಪೊನ್ನುಸ್ವಾಮಿ.

ನನ್ನ ಬಿಲ್ಲಿನ ಹಾಳೆ ಎತ್ತಿಕೊಂಡು ಮಡಚಿದ,
ಮತ್ತೆ ಮಡಚಿದ.
"ನೋಡು, ಎ-ಫೋರು. ಎಷ್ಟು ಮಡಚಿದ್ರೂ ಆಕಾರ ಅದೇ.
ಈ ಫೋಟೋದೋರಿಗೆ ಯಾಕೆ ಹೊಳೀಲಿಲ್ಲ?
ಇಪ್ಪತ್ತಾರು ವರ್ಷ ಕಟ್ಟರ್ ಮುಂದೆ ನಿಂತೋನು ನಾನು,
ಅಂಚು ಕತ್ತರಿಸೋದೇ ಅನ್ನ.
ಆದ್ರೆ ಕತ್ತರಿಸಿದ್ದು ವಾಪಸ್ ಹೋಗೋದು ತೊಟ್ಟಿಗೆ,
ನೆನೆದು, ಗಂಜಿಯಾಗಿ, ಮತ್ತೆ ಹಾಳೆಯಾಗೋದು.
ನೀನು ಕತ್ತರಿಸಿದ್ದು ಎಲ್ಲಿಗ್ಹೋಗುತ್ತಮ್ಮ?"

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಎಲ್ಲಿಗೂ ಹೋಗಲ್ಲ ಅದು.
ಯಂತ್ರ ಅದನ್ನು ಅಚ್ಚೇ ಹಾಕುವುದಿಲ್ಲ.

ಎರಡನೇ ಗುಂಡಿ ಒತ್ತಿದೆ.
ಹತ್ತಿಂಚು ಅಗಲ ಪೂರ್ತಿ ಬಂತು: ಚಕ್ರ, ಮೆಹಬೂಬ, ನಲ್ಲಿ,
ಗಾಳಿಯಲ್ಲಿ ತೋಳು.
ಮೇಲೆ ಮುಕ್ಕಾಲಿಂಚಿಗೆ ಸ್ವಲ್ಪ ಕಮ್ಮಿ ಬಿಳಿ,
ಕೆಳಗೂ ಅಷ್ಟೇ.
ಜಾಗ ಖಾಲಿ ಉಳೀತಲ್ಲ, ಅಂದೆ.
"ಖಾಲಿ ಎಲ್ಲಿ? ಕಾಗದ ಅದು," ಅಂದ,
ಹೆಬ್ಬೆರಳಿಂದ ಅಂಚು ಸವರಿ ದಪ್ಪ ನೋಡಿದ.

ಬಿಳಿಗೂ ದುಡ್ಡಾ ಅಂತ ಚೌಕಾಸಿ ಮಾಡಿದ.
ದರ ಕಾಗದದ್ದು, ಚಿತ್ರದ್ದಲ್ಲ, ಅಂದೆ.
"ಅದು ಸರಿ. ನಮಗೂ ಬಿಳಿಗೇ ಸಂಬಳ."
ನಕ್ಕ. ಎಣಿಸಿ ಕೊಟ್ಟ. ಐದು ರೂಪಾಯಿ ಕಮ್ಮಿ.

ಮಧ್ಯಾಹ್ನ ಪಾಸ್‌ಪೋರ್ಟ್ ಸೈಜಿಗೆ ಒಬ್ಬ ಹುಡುಗ ಬಂದ.
ಕಿವಿ ಎರಡೂ ಕಾಣಬೇಕು, ಗಲ್ಲ ನೆಟ್ಟಗೆ,
ನಡುಮಧ್ಯೆ ಕೂರಬೇಕು, ಅದು ಸರ್ಕಾರದ ಲೆಕ್ಕ.
ನಾನು ಅವನಿಗೆ
ಸ್ವಲ್ಪ ಆ ಕಡೆ ಸರಿಯಪ್ಪ ಅಂದೆ,
ಆಮೇಲೆ ನೆನಪಾಗಿ
ಮತ್ತೆ ಮಧ್ಯಕ್ಕೆ ಕರೆದೆ.