ಚಿಲ್ಲರೆ ಬಾಕಿ

ಆನಗೋಡು ದಾಟಿದ ಮೇಲೆ ಬೆನ್ನೊಳಗೆ ಯಾರೋ
ಸೀಟಿನ ಬೋಲ್ಟು ತಿರುವಿದ ಹಾಗೆ.
ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡೆ,
ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ತಿಂದ ಮಂಡಕ್ಕಿ, ಮೆಣಸಿನಕಾಯಿ.
ಎಡಗೈ ಟಿಕೆಟ್ ಮಿಷನ್ನಿನ ಭಾರಕ್ಕೇ ಸೋತಿತು ಅಂದುಕೊಂಡೆ.
ಇಪ್ಪತ್ತೆರಡು ವರ್ಷ ನಿಂತ ಕಾಲಿಗೆ
ಕೂರು ಅಂತ ಹೇಳುವವರು ಯಾರು?

ಮೂರನೇ ಸಾಲಿನ ಹುಡುಗನಿಗೆ ಟಿಕೆಟ್ ಹರಿದೆ,
ಹಿಂದೆ ಹದಿನಾಲ್ಕು ಅಂತ ಬರೆದೆ,
ಸುತ್ತ ಒಂದು ಸೊನ್ನೆ ಎಳೆಯಹೋದೆ.
ಆ ಸೊನ್ನೆ ಕೂಡಲಿಲ್ಲ.

"ಹೋಲ್ಡಾನ್!" ಅಂದದ್ದು ನಾನಲ್ಲ,
ಕೋಳಿಗೂ ಟಿಕೆಟ್ ಹರಿದೆನೆಂದು
ಆಗಷ್ಟೇ ನನ್ನನ್ನು ಬೈದಿದ್ದ ಅಜ್ಜಿ.
ಓಬಳೇಶ ಕನ್ನಡಿಯಲ್ಲಿ ನೋಡಿದ.
ನಲವತ್ತೊಂದು ಜನರನ್ನು ಕೂರಿಸಿಕೊಂಡೇ
ದಾವಣಗೆರೆಗೆ ಗಾಡಿ ತಿರುಗಿಸಿದ.
ದುರ್ಗದ ಕೋರ್ಟಿನಲ್ಲಿ ವಾಯಿದೆ ಐತಿ ಅಂತ
ಒಬ್ಬ ಗೊಣಗಿದನಂತೆ;
ಅಜ್ಜಿ ಮಾತಾಡದೆ ಅವನ ತೊಡೆಯ ಮೇಲೆ
ಕೋಳಿ ಬುಟ್ಟಿ ಇಟ್ಟಳಂತೆ.

ಆಸ್ಪತ್ರೆಯ ಕಾಗದದಲ್ಲಿ
'ರೋಗಿಗೆ ಸಂಬಂಧ' ಎಂಬಲ್ಲಿ ಓಬಳೇಶ ಬರೆದ:
ಡ್ರೈವರ್.
ಹರಿಹರದಿಂದ ಗಂಡ ಓಡಿಬರುವಷ್ಟರಲ್ಲಿ
ಎದೆಯ ಮೂಳೆ ಸೀಳಿಯಾಗಿತ್ತು.

ತೊಂಬತ್ತಾರು ನಿಮಿಷ ಹೃದಯ ನಿಲ್ಲಿಸಿದ್ದರಂತೆ.
ಅಷ್ಟೂ ಹೊತ್ತು ರಕ್ತ ಒಂದು ಮಿಷನ್ನಿನೊಳಗೆ ಸುತ್ತಿ ಬಂತಂತೆ,
ಸೇತುವೆ ರಿಪೇರಿ ಇದ್ದಾಗ
ಹಳ್ಳಿಗಳ ಮೇಲೆ ಹಾಯ್ದು ಬರುವ ಬಸ್ಸಿನ ಹಾಗೆ.
ಎಲ್ಲಾ ಬರೀ ಅಂತೆ, ಅಂತೆ.
ನನ್ನ ಸರ್ವೀಸಿನಲ್ಲಿ ವೇಬಿಲ್ಲು ಇಲ್ಲದ ಟ್ರಿಪ್ಪು ಅದೊಂದೇ.
ಯಾರು ಹತ್ತಿದರು, ಯಾರು ಇಳಿದರು,
ಕೊನೆಗೆ "ರೈಟ್" ಅಂದವರು ಯಾರು?
ಡಾಕ್ಟರನ್ನು ಕೇಳಿದೆ.
"ಬೆಚ್ಚಗೆ ರಕ್ತ ಬಿಟ್ಟರೆ ತಾನಾಗೇ ಹೊರಡ್ತದಮ್ಮ" ಅಂದರು.
ಕಂಡಕ್ಟರ್ ಹೇಳದೆ ತಾನಾಗೇ ಹೊರಡುವ ಗಾಡಿ!
ನನಗಿನ್ನೂ ನಂಬಿಕೆ ಬಂದಿಲ್ಲ.

ಎಚ್ಚರವಾದಾಗ ಬದುಕಿದೆನೆಂಬ ಸಂತೋಷವಲ್ಲ,
ಬಾಯಾರಿಕೆ.
ಸಿಸ್ಟರ್ ಫರ್ಹಾನಾ ಚಮಚದಲ್ಲಿ ಅಳೆದು ನೀರು ಕೊಟ್ಟಳು,
ಚಿಲ್ಲರೆ ಕೊಡುವಾಗ ನಾನು ಇಷ್ಟು ಜಿಪುಣಿ ಇರಲಿಲ್ಲ.
"ಊದಬ್ಯಾಡ್ರಿ ಕೊಟ್ರಮ್ಮಾರೆ, ಎಳೀರಿ ಉಸಿರು."
ಪ್ಲಾಸ್ಟಿಕ್ ಕೊಳವೆಯಲ್ಲಿ ಮೂರು ಗುಂಡು.
ಒಂದು ಏಳುತ್ತದೆ,
ಎರಡನೆಯದು ಏಳಲೋ ಬೇಡವೋ ಅನ್ನುತ್ತದೆ,
ಮೂರನೆಯದು ಡಿಪೋ ಮ್ಯಾನೇಜರರ ಹಾಗೆ
ಕೂತಲ್ಲೇ ಕೂತಿದೆ.

ಮನೆಗೆ ಬಂದೆ.
ದಿಂಬು ಅಪ್ಪಿಕೊಂಡು ಕೆಮ್ಮುವುದು ಕಲಿತೆ.
ಕೊಡ ಎತ್ತುವಂತಿಲ್ಲ, ಕದ ನೂಕುವಂತಿಲ್ಲ,
ಸೀನು ಬಂದರೆ ನನಗಿಂತ ಮೊದಲು ಗಂಡ ಎದೆ ಹಿಡಿದುಕೊಳ್ಳುತ್ತಾನೆ.
ಒಂದು ದಿನ ಟೀವಿಯಲ್ಲಿ
ಟೂತ್‌ಪೇಸ್ಟಿನ ಜಾಹೀರಾತು ನೋಡಿ ಬಿಕ್ಕಿ ಬಿಕ್ಕಿ ಅತ್ತೆ.
ಯಾಕೆ ಅಂದರೆ ಏನು ಹೇಳಲಿ,
ಆ ಮಗುವಿನ ಹಲ್ಲು ಅಷ್ಟು ಬೆಳ್ಳಗಿತ್ತು.
ರಾತ್ರಿ ಮಗ್ಗುಲಾದರೆ ಎದೆಯ ತಂತಿ
ಟಕ್ ಅನ್ನುತ್ತದೆ.
ಪಾದದಿಂದ ಮೊಣಕಾಲಿನವರೆಗೆ ಹೊಲಿಗೆ:
ಅಲ್ಲಿಯ ನಾಳ ತೆಗೆದು ಎದೆಗೆ ಕಟ್ಟಿದ್ದಾರೆ.
ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತ ಕಾಲು
ಈಗ ಅಲ್ಲೂ ಹೋಗಿ ನಿಂತಿದೆ.

ಮೂರನೇ ತಿಂಗಳು ಓಬಳೇಶನ ಬಸ್ಸು ಹತ್ತಿದೆ,
ಯೂನಿಫಾರ್ಮಿಲ್ಲದೆ, ಕಿಟಕಿ ಪಕ್ಕ.
ಹೊಸ ಕಂಡಕ್ಟರ್ ಹುಡುಗಿ ಶಕ್ತಿ ಟಿಕೆಟ್ ಹರಿದು ಕೊಟ್ಟಳು,
ಮೊತ್ತ ಸೊನ್ನೆ.
ನೆಟ್ಟಗೆ, ಗುಂಡಗೆ, ಪೂರ್ತಿ ಕೂಡಿದ ಸೊನ್ನೆ.
ಹಂಪು ಬಂದಲ್ಲೆಲ್ಲ ಓಬಳೇಶ
ಮೊಟ್ಟೆ ತುಂಬಿದ ಗಾಡಿಯಂತೆ ದಾಟಿಸಿದ.

ಆನಗೋಡಿನಲ್ಲಿ ಹತ್ತಿದ ಹುಡುಗರನ್ನೆಲ್ಲ ನೋಡಿದೆ.
ಅವನ ಮುಖ ನೆನಪಿಲ್ಲ.
ಟಿಕೆಟ್ ತಗೊಂಡ ಹೆಬ್ಬೆರಳಿಗೆ ಬ್ಯಾಂಡೇಜು ಇತ್ತು, ಅಷ್ಟೆ;
ಅದೂ ಇಷ್ಟು ಹೊತ್ತಿಗೆ ವಾಸಿಯಾಗಿರಬೇಕು.

ಹತ್ತರ ನೋಟು ಒಂದು, ಎರಡರ ನಾಣ್ಯ ಎರಡು
ಸಣ್ಣ ಪರ್ಸಿನಲ್ಲಿ ಬೇರೆ ಇಟ್ಟಿದ್ದೇನೆ.
ಭರಮಸಾಗರ ಬಂತು, ಜನ ಇಳಿದರು.
ಯಾರೂ ಕೇಳಲಿಲ್ಲ.
ತೆಗೆದು ಎಣಿಸಿದೆ,
ಮತ್ತೆ ಒಳಗಿಟ್ಟೆ.