ಬಿರುಕು

ಮೇಜಿನ ಮೇಲೆ ಎರಡು ಕ್ಲಾರಿನೆಟ್ಟು.
ಒಂದು ಕರಿಮರದ್ದು, ಬೆಳ್ಳಿಬಣ್ಣದ ಕೀಗಳು,
ಹವಾಲ್ದಾರ್ ಪೂಣಚ್ಚನವರ ಜೊತೆ ಪಲ್ಟನ್ನಿನಲ್ಲಿ ನಡೆದದ್ದು.
ಇನ್ನೊಂದು ಪ್ಲಾಸ್ಟಿಕ್ಕು. ಹೊಸ ಬಾಚಣಿಗೆಯ ಹೊಳಪು.

"ಮರದ್ದೇ ತಗೊಳ್ಳಿ, ದನಿಗೆ ತೂಕ ಇದೆ" ಅಂದರು
ಮಡಿಕೇರಿಯ ಅಂಗಡಿಯವರು;
ಹಿಂದೆ ಹಾರ್ಮೋನಿಯಂ, ಮುಂದೆ ಮಾರಾಟದ ಛತ್ರಿಗಳು.

ನನಗೆ ರಾಗ ಗೊತ್ತಿಲ್ಲ.
ಹದಿನೇಳು ವರ್ಷದಿಂದ ಕೂಡ್ಲೂರಿನ ಕಾಫಿ ವರ್ಕ್ಸಿನಲ್ಲಿ
ಬೀಜ ಆರಿಸುತ್ತೇನೆ.
ಕರಿದು, ಒಡೆದದ್ದು, ಹುಳು ಕೊರೆದದ್ದು,
ಕಣ್ಣಿಗಿಂತ ಮೊದಲು ಬೆರಳೇ ಬದಿಗೆ ತಳ್ಳುತ್ತದೆ.

ಹಾಗೇ ತಿರುಗಿಸಿದೆ, ಬಾಗಿಲ ಬೆಳಕಿಗೆ.
ಮೇಲಿನ ತುಂಡಿನಲ್ಲಿ, ಮೊದಲ ತೂತಿನ ಪಕ್ಕ,
ಕೂದಲೆಳೆಯ ಬಿರುಕು. ಯಾರೋ ಮೇಣ ಮೆತ್ತಿದ್ದಾರೆ, ಜಾಣರು.
ಮೂರು ಮಳೆಗಾಲ ಕಳೆದರೆ ಬಾಯಿ ಬಿಡುತ್ತದೆ.
ಅಂಗಡಿಯವರು ಕನ್ನಡಕ ಒರೆಸಿಕೊಂಡರು.

ಸುಗಂಧಿ ಅದನ್ನೇ ಎತ್ತಿ ಊದಿದಳು.
ಮೊದಲು ಬಾತುಕೋಳಿ.
ಆಮೇಲೆ ಒಂದೇ ಒಂದು ಸ್ವರ, ಉದ್ದಕ್ಕೆ, ಬೆಚ್ಚಗೆ,
ಹೊರಗೆ ಕಂಡಕ್ಟರನ ಕೂಗು ಕೂಡ
ಪಕ್ಕಕ್ಕೆ ಸರಿದು ನಿಂತ ಹಾಗೆ.

ಪ್ಲಾಸ್ಟಿಕ್ಕಿನಲ್ಲೂ ಬಂತು ಅದೇ ಸ್ವರ, ತೆಳ್ಳಗೆ.
ಆದರೆ ಅವಳ ಉಂಗುರಬೆರಳು ತೂತನ್ನು ಪೂರಾ ಮುಚ್ಚಿತು.

ಅದನ್ನೇ ಕಟ್ಟಿಸಿದೆ.
ಶಾಲೆಯ ಬ್ಯಾಂಡಿಗೆ ಸಾಕು, ಚೀಲದಲ್ಲಿ ನೆನೆದರೂ ಸೈ.

ಬಸ್ಸಿನಲ್ಲಿ ಸುಂಟಿಕೊಪ್ಪದ ತನಕ ಅವಳು ಮಾತಾಡಲಿಲ್ಲ.
ಒಡೆದ ಬೀಜವನ್ನೂ ಒಮ್ಮೊಮ್ಮೆ
ಸೆರಗಿನಲ್ಲಿ ಕಟ್ಟಿ ತಂದು ಮನೆಯಲ್ಲಿ ಹುರಿದಿದ್ದೇನೆ.
ಘಮ ಕಡಿಮೆಯಿರಲಿಲ್ಲ.
ಅದನ್ನು ಅವಳಿಗೆ ಹೇಳಲಿಲ್ಲ.